ಟೀಚರ್ ಮನೆ ಸಾಮಾನು

ಮಾರ್ಚ್ 3, ಸೋಮವಾರ, ಸಂಜೆ

ಡ್ಯೂಟಿ ಮುಗಿಸಿ ಬಂದೆ. ಬೀರುವಿನ ಮೂಲೆ ಸೊಂಟಕ್ಕೆ ತಗುಲಿತು, ದಿನದಂತೆ. ಮಲಗುವ ಕೋಣೆಯ ಬಾಗಿಲು ಅರ್ಧಕ್ಕಿಂತ ಹೆಚ್ಚು ತೆರೆಯದ ಹಾಗೆ ನಿಲ್ಲಿಸಿರುವ ಬೀರು. ನಿಲ್ಲಿಸಿದ್ದು ಟೀಚರ್ — ಇವರ ಮೊದಲ ಹೆಂಡತಿ. ತೀರಿಕೊಂಡು ಹನ್ನೆರಡು ವರ್ಷ. ನಾನು ಬಂದು ಒಂಬತ್ತು. ಅವಳು ತೆಳ್ಳಗಿದ್ದಳಂತೆ, ಸಲೀಸಾಗಿ ನುಸುಳುತ್ತಿದ್ದಳಂತೆ. ನಾನು ತೆಳ್ಳಗಿಲ್ಲ.

ಬೀರುವಿನ ತುಂಬ ಅವಳ ಬಟ್ಟೆ. ನನ್ನದು ಬಾಗಿಲ ಹಿಂದಿನ ಪುಟ್ಟ ಕಪಾಟಿನಲ್ಲಿ.

ಊಟದ ಮೇಜು ಅವಳದು. ತಟ್ಟೆ, ಲೋಟ, ಹೊಲಿಗೆ ಮಿಷನ್, ಗಡಿಯಾರ, ನಿಲುವುಗನ್ನಡಿ… ಮಂಚ. ಹೌದು, ಮಂಚವೂ. ಬಂದ ವರ್ಷ ಕೇಳಿದ್ದೆ, ಇದೊಂದನ್ನು ಬದಲಾಯಿಸೋಣವೇ ಎಂದು. ಗಟ್ಟಿ ಮರ, ಎಂದರು ಇವರು. ಹಾಸಿಗೆ ಮಾತ್ರ ಹೊಸದು ತಂದರು. ಮತ್ತೆ ಕೇಳಲಿಲ್ಲ. ಮರ ಗಟ್ಟಿಯಾಗಿಯೇ ಇದೆ, ಸುಳ್ಳಲ್ಲ.

ಬೀದಿಗೆಲ್ಲ ಇದು ಇಂದಿಗೂ 'ಟೀಚರ್ ಮನೆ'. ಹೊಸ ಪೋಸ್ಟ್‌ಮ್ಯಾನ್ ಗೇಟಿನಲ್ಲಿ ನನ್ನನ್ನೇ ಕೇಳಿದ್ದ, ಟೀಚರ್ ಮನೆ ಇದೇನಾ ಎಂದು. ಹೌದು ಎಂದಿದ್ದೆ. ಅನ್ನದೆ ಏನು ಮಾಡಲಿ.

ಇವತ್ತಿನ ಸುದ್ದಿ — ಹೊಸ ಫ್ಲ್ಯಾಟ್ ತಯಾರು. ತಿಂಗಳ ಕೊನೆಗೆ ಹೋಗಬಹುದು. ಮೂರನೇ ಮಹಡಿ, ಈ ಮನೆಯ ಅರ್ಧ. ಇವರು ಕಾಫಿ ಕುಡಿಯುತ್ತ, ಬೇಡದ್ದೆಲ್ಲ ಬಿಟ್ಟು ಹೋಗೋಣ ಎಂದರು. ಯಾವುದು ಬೇಡದ್ದು ಎಂದು ಹೇಳಲಿಲ್ಲ. ಅಡ್ಡಗೋಡೆಯ ಮೇಲೆ ದೀಪವಿಟ್ಟು ಹೋಗಿ ಮಲಗಿದರು.

ನಾನು ಒಂದು ಸುತ್ತು ಹಾಕಿ ಎಲ್ಲವನ್ನೂ ನೋಡಿದೆ. ಡಿಸ್ಚಾರ್ಜ್ ಆಗುವ ಪೇಷೆಂಟ್‌ಗಳನ್ನು ನೋಡುವ ಹಾಗೆ. ಹೋಗಿ ಬನ್ನಿ. ಹೋಗಿ… ಬರಬೇಡಿ.

ಮಾರ್ಚ್ 5, ಬುಧವಾರ

ಮಗಳು ಸ್ಟಿಕರ್ ತಂದಿದ್ದಾಳೆ. ಕೆಂಪು. ಕೆಂಪು ಅಂಟಿಸಿದ್ದು ಹೊಸ ಮನೆಗೆ ಬರುತ್ತದಂತೆ.

'ಮಗಳು' ಎಂದು ಬರೆಯುವುದಕ್ಕೆ ನನಗೇನೂ ಅಡ್ಡಿಯಿಲ್ಲ. ಅವಳು ನನ್ನನ್ನು ಕರೆಯುವುದು 'ಆಂಟಿ'. ಅಪ್ಪನಿಗೆ 'ನೀನು', ನನಗೆ 'ನೀವು'. ಮರ್ಯಾದೆ ಎಂದುಕೊಳ್ಳುತ್ತಾರೆ ನೋಡಿದವರು. ನಾನು ಬಂದಾಗ ಹದಿನಾಲ್ಕು ವರ್ಷ. ಈಗ ಡ್ರೈವಿಂಗ್ ಸ್ಕೂಲಿನಲ್ಲಿ ಕಲಿಸುತ್ತಾಳೆ. ದೊಡ್ಡ ದೊಡ್ಡ ಗಂಡಸರು ಅವಳ ಪಕ್ಕ ಕೂತು ಬೆವರುತ್ತಾರಂತೆ. ನಂಬುತ್ತೇನೆ.

ಬೀರುವಿಗೆ ಕೆಂಪು. ಮೇಜಿಗೆ ಕೆಂಪು, ಆರು ಕುರ್ಚಿಗೂ ಕೆಂಪು — ಕಾಲು ಮುರಿದದ್ದಕ್ಕೂ. ಗಡಿಯಾರದ ಗಾಜಿನ ಮೇಲೆ ಅಂಟಿಸಿ ನಾಲ್ಕು ಗಂಟೆ ಮುಚ್ಚಿಹೋಗಿದೆ. ಅಡುಗೆ ಮನೆಗೆ ಬಂದಳು. ನಾನು ಒಲೆಯ ಮುಂದೆ. ನನ್ನ ಸುತ್ತ ಒಂದೊಂದಕ್ಕೂ ಅಂಟಿಸಿಕೊಂಡು ಹೋದಳು. ನನ್ನ ಬೆನ್ನಿಗೆ ಮಾತ್ರ ಅಂಟಿಸಲಿಲ್ಲ.

ಅಷ್ಟೆಲ್ಲ ಅಲ್ಲಿ ಹಿಡಿಸಲ್ಲ ಎಂದೆ.

"ಅಮ್ಮನ್ದು ಒಂದೂ ಬಿಡಲ್ಲ," ಎಂದಳು. ಗಲಾಟೆಯಿಲ್ಲ, ಬಿಸಿಯಿಲ್ಲ. ಗೇರ್ ಬದಲಾಯಿಸು ಎಂದು ಹೇಳುವ ಧಾಟಿ.

ಮಾರ್ಚ್ 8, ಶನಿವಾರ

ಟೇಪ್ ಹಿಡಿದು ಹೊಸ ಫ್ಲ್ಯಾಟಿಗೆ ಹೋಗಿ ಬಂದೆ. ಸುಣ್ಣದ ವಾಸನೆ, ಬೋಳು ಕಿಟಕಿಗಳು. ಹಾಲಿನ ನಡುವೆ ನಿಂತೆ. ಯಾವುದಕ್ಕೂ ಸೊಂಟ ತಗುಲಲಿಲ್ಲ. ಸುಮ್ಮನೆ ಅತ್ತಿಂದಿತ್ತ ನಾಲ್ಕು ಸಲ ಓಡಾಡಿದೆ, ಹುಚ್ಚಿಯ ಹಾಗೆ.

ಬೀರು ಹಿಡಿಸಿದರೆ ಮಂಚ ಹಿಡಿಸದು. ಮಂಚ ಹಿಡಿಸಿದರೆ ಮನುಷ್ಯರು ಹಿಡಿಸರು. ಇದನ್ನು ಇವರಿಗೆ ಹೇಳಿದೆ. ಹೇಳುತ್ತಿದ್ದಂತೆ ಫೋನ್ ಬಂತು. ಇವರದು ಲಿಫ್ಟ್ ರಿಪೇರಿ ಕೆಲಸ. ಊರಿನ ಲಿಫ್ಟುಗಳಿಗೆಲ್ಲ ನಮ್ಮ ಮನೆಯ ಜಗಳದ ಹೊತ್ತು ಹೇಗೆ ಗೊತ್ತಾಗುತ್ತದೋ. ಟೂಲ್ ಬ್ಯಾಗ್ ಎತ್ತಿಕೊಂಡು ಹೊರಟರು. ಬಾಗಿಲಲ್ಲಿ ನಿಂತು ತಗ್ಗಿದ ದನಿಯಲ್ಲಿ ಹೇಳಿದ್ದು ಒಂದೇ — ಮಗು ಮನಸ್ಸು, ನೋಯಿಸಬೇಡ.

ಮಗು. ಇಪ್ಪತ್ತಮೂರು ವರ್ಷದ ಮಗು. ಲಾರಿ ಓಡಿಸುವ ಲೈಸೆನ್ಸ್ ಇದೆ.

ಇದೇ ಮಾತನ್ನು ಒಂಬತ್ತು ವರ್ಷದಿಂದ ಕೇಳುತ್ತಿದ್ದೇನೆ. ಒಂದು ಚಮಚ ಆಚೀಚೆ ಮಾಡಿದರೂ ಅವಳು ಮನೆ ಬಿಟ್ಟು ಹೋಗುತ್ತೇನೆ ಎಂದಿದ್ದಾಳೆ, ಅದಕ್ಕೇ ಏನನ್ನೂ ಮುಟ್ಟಬೇಡ. ಮುಟ್ಟಲಿಲ್ಲ. ಒರೆಸಿದೆ, ತೊಳೆದೆ, ಧೂಳು ಹೊಡೆದೆ. ಮುಟ್ಟಲಿಲ್ಲ.

ಮಾರ್ಚ್ 9, ಭಾನುವಾರ

ಅತ್ತಿಗೆ ಬಂದಿದ್ದರು — ಇವರ ಅಕ್ಕ. ಕೂತ ಕುರ್ಚಿಯ ಕೈಯನ್ನು ಸವರುತ್ತ ಟೀಚರ್ ಗುಣಗಾನ. ಎಂಥ ಅಭಿರುಚಿ, ಎಷ್ಟು ಹುಡುಕಿ ತಂದ ಸಾಮಾನು, ಇವನ್ನೆಲ್ಲ ಬಿಡುವುದೆಂದರೆ ಅವಳನ್ನೇ ಬೀದಿಗೆ ಹಾಕಿದ ಹಾಗೆ ಎಂದು ಕಣ್ಣೊರೆಸಿಕೊಂಡರು. ಕಣ್ಣೊರೆಸಿಕೊಂಡ ಮೇಲೆ ಮೇಜಿನ ಉದ್ದವನ್ನು ಗೇಣಿನಲ್ಲಿ ಅಳೆದರು. ಹೇಗೂ ಹಿಡಿಸದೆ ಹೋದರೆ ತಮ್ಮ ಮನೆಯಲ್ಲಿ ಜಾಗ ಇದೆಯಂತೆ. ನಿಲುವುಗನ್ನಡಿಗೂ ಇದೆಯಂತೆ.

ನಾನು ನಕ್ಕೆ. ನಗಬಾರದಿತ್ತು.

"ನಿಂಗೇನಮ್ಮ," ಎಂದರು, "ನೀನು ಬಂದಾಗ ಒಂದು ಸೂಟ್‌ಕೇಸ್ ತಂದಿದ್ದೆ. ಹಾಗೇ ಎತ್ಕೊಂಡು ಹೊರಟರಾಯ್ತು."

ಇವರು ಅಲ್ಲೇ ಇದ್ದರು. ಜಾಣಕಿವುಡು. ಪೇಪರಿನ ಒಂದೇ ಪುಟವನ್ನು ಅರ್ಧ ಗಂಟೆ ಓದಿದರು. ಮಗಳೂ ಇದ್ದಳು, ಉಗುರು ಕತ್ತರಿಸಿಕೊಳ್ಳುತ್ತಿದ್ದಳು. ತಲೆಯೆತ್ತಿ ಒಮ್ಮೆ ಅತ್ತೆಯನ್ನು ನೋಡಿದಳು, ಒಮ್ಮೆ ನನ್ನನ್ನು.

ಅತ್ತಿಗೆ ಹೇಳಿದ್ದು ನಿಜ, ಅದೇ ಸಿಟ್ಟು. ಆಸ್ಪತ್ರೆಯ ಹಾಸ್ಟೆಲಿನಿಂದ ಒಂದು ಸೂಟ್‌ಕೇಸ್‌ನೊಂದಿಗೆ ಬಂದೆ. ಆಮೇಲೂ ಏನೂ ಕೊಳ್ಳಲಿಲ್ಲ. ಕೊಳ್ಳಲು ಹೊರಟಾಗಲೆಲ್ಲ ಅದು ಮನೆಯಲ್ಲಿ ಇದ್ದೇ ಇತ್ತು. ತಟ್ಟೆಯಿತ್ತು. ಕನ್ನಡಿಯಿತ್ತು. ಗಂಡನೂ…

ಸಾಕು.

ಮಾರ್ಚ್ 13, ಗುರುವಾರ

ಮಾಡಿಬಿಟ್ಟೆ. ಮಂಚದ ಫೋಟೊ ತೆಗೆದು ಫೋನಿನಲ್ಲಿ ಜಾಹೀರಾತು ಹಾಕಿದೆ. 'ಗಟ್ಟಿ ಮರ' ಎಂದು ಬರೆದೆ. ಇವರ ಮಾತೇ ಉಪಯೋಗಕ್ಕೆ ಬಂತು.

ಸಂಜೆಯೊಳಗೆ ಸಿಕ್ಕಿಬಿದ್ದೆ. ಮಗಳ ಹತ್ತಿರ ಡ್ರೈವಿಂಗ್ ಕಲಿಯುವ ಹೆಂಗಸೊಬ್ಬಳು ಮಂಚ ಹುಡುಕುತ್ತಿದ್ದಳಂತೆ. ಕೆಂಪು ದೀಪಕ್ಕೆ ಗಾಡಿ ನಿಲ್ಲಿಸಿ, ಇದು ಚೆನ್ನಾಗಿದೆಯಲ್ಲವಾ ಎಂದು ಇವಳಿಗೇ ಫೋಟೊ ತೋರಿಸಿದ್ದಾಳೆ. ನನ್ನ ಅದೃಷ್ಟ.

ಮಗಳು ಮನೆಗೆ ಬಂದವಳು ಬ್ಯಾಗ್ ಇಳಿಸಲಿಲ್ಲ. ಮಂಚದ ಕಾಲ ಬಳಿ ನಿಂತಳು. ನಾನು ದಿಂಬಿನ ಕವರ್ ಹಾಕುತ್ತಿದ್ದೆ.

"ನೀವು ಮಲಗಿದ್ದೂ ಅವಳ ಮಂಚದ ಮೇಲೆ. ಉಂಡಿದ್ದೂ ಅವಳ ತಟ್ಟೇಲಿ. ನಿಮ್ಮದು ಅಂತ ಏನಿದೆ ಆಂಟಿ ಈ ಮನೇಲಿ, ಮಾರೋಕೆ?"

ಉತ್ತರಗಳೇನೋ ಈಗ ಬರೆಯುತ್ತ ಕೂತಾಗ ಸಾಲುಗಟ್ಟಿ ಬರುತ್ತಿವೆ, ಒಂದಕ್ಕಿಂತ ಒಂದು ಹರಿತ. ಆಗ ದಿಂಬನ್ನು ಅದರ ಕವರಿಗೆ ತುರುಕುತ್ತಿದ್ದೆ, ಅಷ್ಟೇ. ಬೇಕಾದ್ದಕ್ಕಿಂತ ಜೋರಾಗಿ ತುರುಕಿದೆ. ಹೊಲಿಗೆ ಬಿಟ್ಟುಹೋಯಿತು.

ಅದನ್ನು ಹೊಲಿಯಲು ಕೂತದ್ದು ಟೀಚರ್ ಮಿಷನ್ನಿನ ಮುಂದೆ. ಹಾಳಾಗಿ ಹೋಗಲಿ.

ಮಾರ್ಚ್ 17, ಸೋಮವಾರ

ನಾಲ್ಕು ದಿನ ಮನೆಯಲ್ಲಿ ಮಾತಿಲ್ಲ. ಇವರು ಮಾತ್ರ ಇಬ್ಬರಿಗೂ ಹವಾಮಾನದ ವಿಚಾರ ಹೇಳುತ್ತಾರೆ, ಬೇರೆಬೇರೆಯಾಗಿ.

ಬೆಳಗ್ಗೆ ಡ್ಯೂಟಿಗೆ ಹೋಗುವ ಮುಂಚೆ ಅಟ್ಟದ ಮೇಲಿನ ಕಬ್ಬಿಣದ ಟ್ರಂಕನ್ನು ಇಳಿಸಿದೆ. ತೆರೆದು ನೋಡಿದೆ. ಟೀಚರ್ ಶಾಲೆಯಲ್ಲಿ ಬಳಸುತ್ತಿದ್ದ ಚಾರ್ಟುಗಳು, ಸೀಮೆಸುಣ್ಣದ ಡಬ್ಬಗಳು, ಮಣ್ಣಿನ ಹಣ್ಣುಗಳು. ಗೆದ್ದಲು ಅರ್ಧ ಪಾಠ ಮುಗಿಸಿದೆ. ಕೆಂಪು ಸ್ಟಿಕರ್ ಇದಕ್ಕೂ ಇತ್ತು. ಸ್ಟಿಕರ್ ಕಿತ್ತೆ. ಎಳೆದುಕೊಂಡು ಹೋಗಿ ಗೇಟಿನ ಹೊರಗಿಟ್ಟೆ. ಗುಜರಿಯವನಿಗೆ ಫೋನ್ ಮಾಡಿ ಬಂದು ಎತ್ತಿಕೊಂಡು ಹೋಗು ಎಂದೆ.

ಬಂದಮೇಲೆ ನೋಡಿದರೆ ಟ್ರಂಕು ಹಾಲಿನ ನಡುಮಧ್ಯೆ. ಮಗಳು ಮಧ್ಯಾಹ್ನ ಬಂದು ಒಬ್ಬಳೇ ಒಳಗೆ ಹೊತ್ತು ತಂದಿದ್ದಾಳೆ. ಕಾಲಿನ ಮೇಲೆ ಬೀಳಿಸಿಕೊಂಡಿದ್ದಾಳೆ. ಪಾದ ಊದಿಕೊಂಡು ಬನ್ ಆಗಿದೆ. ನೋಡಲೇ ಎಂದೆ. ಬೇಡ ಎಂದಳು. ಐಸ್ ತಂದಿಟ್ಟೆ. ಅದು ಪಕ್ಕದಲ್ಲೇ ಕರಗಿ ನೀರಾಯಿತು, ಮುಟ್ಟಲಿಲ್ಲ.

ಆಗಲಿ. ಮೂಳೆ ಅವಳದು, ಹಟವೂ ಅವಳದು.

ಮಾರ್ಚ್ 18, ಮಂಗಳವಾರ, ಸಂಜೆ

ಇವತ್ತಿನದನ್ನು ಸರಿಯಾಗಿ ಬರೆದಿಡಬೇಕು.

ಹನ್ನೊಂದು ಗಂಟೆಗೆ, ಆಸ್ಪತ್ರೆಯಲ್ಲಿ ನಾನು ಕೆಲಸ ಮಾಡುವ ಎಕ್ಸ್‌ರೇ ರೂಮಿನ ಬಾಗಿಲಲ್ಲಿ ಮಗಳು. ಟ್ಯಾಕ್ಸಿಯಲ್ಲಿ ಬಂದು, ಒಂಟಿಕಾಲಿನಲ್ಲಿ ಕುಪ್ಪಳಿಸುತ್ತ. ಬೇರೆ ಟೆಕ್ನಿಷಿಯನ್ ಇಲ್ಲವೇ ಎಂದು ಕೇಳಿದಳು. ರಜೆ, ಎಂದೆ. ಹಲ್ಲು ಕಚ್ಚಿಕೊಂಡು ಟೇಬಲ್ ಹತ್ತಿದಳು.

ಹೆಂಗಸರನ್ನು ಕೇಳಲೇಬೇಕಾದ ಪ್ರಶ್ನೆಯೊಂದಿದೆ. ಕೇಳಿದೆ — ಗರ್ಭಿಣಿಯಾಗಿರುವ ಸಾಧ್ಯತೆ ಏನಾದರೂ?

"ಯಾಕೆ, ಅಪ್ಪಂಗೆ ಹೇಳೋಕಾ?"

"ರಿಜಿಸ್ಟರ್‌ಗೆ."

ಇಲ್ಲ ಎಂದಳು. ಬರೆದುಕೊಂಡೆ. ಸೀಸದ ಏಪ್ರನ್ ಹೊದಿಸಿದೆ. ಪಾದವನ್ನು ಪ್ಲೇಟಿನ ಮೇಲೆ ತಿರುಗಿಸಿಟ್ಟೆ. ಒಂಬತ್ತು ವರ್ಷದಲ್ಲಿ ಅವಳ ಪಾದ ಹಿಡಿದದ್ದು ಇದೇ ಮೊದಲು. ಸುಡುತ್ತಿತ್ತು.

ಟ್ರಂಕಿನಲ್ಲಿ ಏನಿದೆ ಎಂದು ಗೊತ್ತಿತ್ತೇ ಎಂದು ಕೇಳಿದೆ. ಗೊತ್ತಿಲ್ಲ, ಯಾವತ್ತೂ ತೆರೆದಿಲ್ಲ ಎಂದಳು.

"ಮತ್ತೆ ಯಾಕೆ ಹೊತ್ತೆ?"

"ನೀವು ಎಸೆದ್ರಿ ಅಂತ." ಚಾವಣಿ ನೋಡುತ್ತಿದ್ದಳು. "ನೀವು ಬಂದ ವರ್ಷಾನೇ ಎಲ್ಲಾ ಮಾರ್ಬೇಕು ಅಂತ ಕೂತಿದ್ರಂತಲ್ಲ. ಅಮ್ಮನ ಬಟ್ಟೆ ಸುಡ್ಬೇಕು ಅಂದ್ರಂತೆ. ಅಪ್ಪ ಕೈಕಾಲು ಹಿಡಿದು ನಿಲ್ಲಿಸಿದ್ದಂತೆ. ನಾನು ಒಂದು ಬಿಟ್ರೆ ನೀವು ಎಲ್ಲಾ ತೆಗೀತೀರ ಅಂತ ಅಪ್ಪ ಆವಾಗ್ಲೇ ಹೇಳಿದ್ದ."

ಸ್ವಿಚ್ಚಿನ ಮೇಲಿದ್ದ ಕೈ ಅಲ್ಲೇ ನಿಂತಿತು. ನಾನು ಕೇಳಿದ್ದು ಒಂದು ಮಂಚ. ಸುಡುವ ಮಾತು ನನ್ನ ಬಾಯಲ್ಲಿ ಬಂದದ್ದಿಲ್ಲ, ಕನಸಿನಲ್ಲೂ. ಹೇಳಿದೆ. ಇನ್ನೊಂದನ್ನೂ ಹೇಳಿದೆ — ಒಂದು ಚಮಚ ಅಲುಗಿದರೂ ನೀನು ಮನೆ ಬಿಟ್ಟು ಹೋಗುತ್ತೀ ಎಂದು ನಿನ್ನಪ್ಪ ನನಗೆ ಹೇಳಿದ್ದರು.

ಅವಳು ಮೊಣಕೈ ಊರಿ ಎದ್ದಳು.

"ಹದಿನಾಲ್ಕು ವರ್ಷಕ್ಕೆ ನಾನು ಎಲ್ಲಿಗೆ ಹೋಗ್ಲಿ?"

"ಅಲ್ಲಾಡಬೇಡ," ಎಂದೆ. ಅಭ್ಯಾಸಬಲ.

ಮಲಗಿದಳು. ಫಿಲ್ಮ್ ತೆಗೆದೆ. ಹೆಬ್ಬೆರಳ ಪಕ್ಕದ ಮೂಳೆಯಲ್ಲಿ ಕೂದಲೆಳೆಯಷ್ಟು ಬಿರುಕು. ತೋರಿಸಿದೆ. ಇಬ್ಬರೂ ತುಂಬ ಹೊತ್ತು ಆ ಬಿರುಕನ್ನೇ ನೋಡಿದೆವು. ಆಮೇಲೆ ಅವಳು, ಅಪ್ಪ ಇವತ್ತು ಎಷ್ಟು ಗಂಟೆಗೆ ಬರ್ತಾನೆ, ಎಂದಳು.

ಆರಕ್ಕೆ ಬಂದರು. ನಾವಿಬ್ಬರೂ ಮೇಜಿನ ಎರಡು ಬದಿಯಲ್ಲಿ ಕೂತಿದ್ದೆವು. ಎಂದೂ ಹಾಗೆ ಕೂತವರಲ್ಲ. ಆ ನೋಟಕ್ಕೇ ಇವರ ಮುಖ ಇಳಿಯಿತು. ಇಬ್ಬರಿಗೂ ಯಾಕೆ ಸುಳ್ಳು ಹೇಳಿದೆ ಎಂದು ಕೇಳಿದ್ದು ಅವಳು. ಇವರು ಮೊದಲು ಅವಳನ್ನು ನೋಡಿದರು, ಆಮೇಲೆ ನನ್ನನ್ನು — ಯಾರ ಕಡೆ ದಾರಿ ಇದೆ ಎಂದು ಹುಡುಕುವ ಹಾಗೆ. ದಾರಿ ಇರಲಿಲ್ಲ.

"ನಂಗೇ ಬೇಕಿತ್ತು," ಎಂದರು ಕೊನೆಗೆ. "ಅವಳದ್ದು ಒಂದೂ ಹೋಗ್ಬಾರ್ದು ಅನ್ನಿಸ್ತಿತ್ತು. ಮದುವೆಯಾಗಿ ಬಂದವಳಿಗೆ ಅದನ್ನ ಹೇಗೆ ಹೇಳ್ಲಿ?"

"ಅದಕ್ಕೆ ನಾನು ಇವರನ್ನ ದ್ವೇಷ ಮಾಡಿಕೊಂಡಿರ್ಲಿ ಅಂತ ಬಿಟ್ಟೆ," ಎಂದಳು ಮಗಳು.

ಅಷ್ಟರಲ್ಲಿ ಇವರ ಫೋನ್ ಹೊಡೆದುಕೊಂಡಿತು. ಎತ್ತಲೋ ಬೇಡವೋ ಎಂದು ನನ್ನ ಮುಖ ನೋಡಿದರು. ಹೋಗಿ, ಎಂದೆ. ಯಾರೋ ಒಳಗೆ ಸಿಕ್ಕಿಹಾಕಿಕೊಂಡಿರುತ್ತಾರೆ.

ಹೋದರು. ನಿಜಕ್ಕೂ ಹೋದರು.

ಮಾರ್ಚ್ 20, ಗುರುವಾರ

ಒಂಬತ್ತು ವರ್ಷ ಸತ್ತವಳ ಜೊತೆ ಕಾದಾಡಿದೆ. ಅವಳ ಮಗಳ ಜೊತೆ ಕಾದಾಡಿದೆ. ಎದುರಾಳಿ ಮಗ್ಗುಲಲ್ಲೇ ಗೊರಕೆ ಹೊಡೆಯುತ್ತಿದ್ದ. ಏಕವಚನ ಬಂತು. ಬರಲಿ.

ಸುಳ್ಳು ಹೇಳಿದ್ದಕ್ಕಲ್ಲ ಇಷ್ಟು ಉರಿ. ನಂಗೇ ಬೇಕಿತ್ತು ಎಂದರಲ್ಲ, ಅದಕ್ಕೆ. ಮಗಳಿಗಾಗಿ ಎಂದುಕೊಂಡು ಸಹಿಸಿದ್ದೆ. ತಾಯಿಯಿಲ್ಲದ ಹುಡುಗಿ, ಸರಿ, ಇರಲಿ. ಆ ಮಂಚದಲ್ಲಿ ಪಕ್ಕ ಮಲಗಿದವರಿಗೇ ಬೇಕಾಗಿತ್ತು ಎಂದಮೇಲೆ ನಾನು ಅಲ್ಲಿ ಏನು? ಹೊಸ ಹಾಸಿಗೆ, ಹಳೇ ಮಂಚ.

ಮಗಳೊಂದಿಗೆ ಗೆಳೆತನವೇನೂ ಆಗಿಲ್ಲ. ಬೆಳಗ್ಗೆ ಅವಳ ಕಾಲಿಗೆ ಕ್ರೇಪ್ ಬ್ಯಾಂಡೇಜ್ ಸುತ್ತಿದೆ. ಬಿಗಿಯಾಯ್ತು ಎಂದಳು. ಬಿಗಿಯಾಗೇ ಇರಬೇಕು ಎಂದೆ. ಐದು ವಾರ ಕ್ಲಚ್ ಒತ್ತುವಂತಿಲ್ಲ. ಇಡೀ ದಿನ ಮನೆಯಲ್ಲಿ, ಆ ಸಾಮಾನುಗಳ ನಡುವೆ ಒಬ್ಬಳೇ.

ಸ್ಟಿಕರ್‌ಗಳನ್ನು ಒಂದೊಂದಾಗಿ ನೋಡುತ್ತ ಕೂತಿರುತ್ತಾಳೆ.

ಮಾರ್ಚ್ 25, ಮಂಗಳವಾರ

ಬಸ್ಸಿಳಿದು ಬೀದಿಯ ತಿರುವಿಗೆ ಬಂದೆ. ಎದುರಿನಿಂದ ಒಬ್ಬ ಗಂಡಸು ತಲೆಯ ಮೇಲೆ ಕುರ್ಚಿ ಹೊತ್ತು ಬರುತ್ತಿದ್ದ. ಎಲ್ಲೋ ನೋಡಿದ ಕುರ್ಚಿ ಎನ್ನಿಸಿತು. ಅವನ ಹಿಂದೆ ಇನ್ನೊಬ್ಬ, ಇನ್ನೊಂದು ಕುರ್ಚಿ. ಅಂಗಡಿಯಾಕೆ ಗೋಡೆ ಗಡಿಯಾರವನ್ನು ಮಗುವಿನ ಹಾಗೆ ಎದೆಗವಚಿಕೊಂಡು ಹೋದಳು. ನಿಲುವುಗನ್ನಡಿಯನ್ನು ಅಣ್ಣತಮ್ಮ ಇಬ್ಬರು ಅಡ್ಡಲಾಗಿ ಹೊತ್ತಿದ್ದರು. ಅದರೊಳಗೆ ಬರೀ ಆಕಾಶ. ನನ್ನ ಪಕ್ಕ ಹಾಯುವಾಗ ಒಂದು ಕ್ಷಣ ನಾನೂ ಅದರೊಳಗಿದ್ದೆ, ಬ್ಯಾಗ್ ಹಿಡಿದು, ಬಾಯಿ ತೆರೆದು.

ಬೀದಿಗೆ ಬೀದಿಯೇ ಟೀಚರ್ ಮನೆಯನ್ನು ಹೊತ್ತು ಹೋಗುತ್ತಿತ್ತು.

ಮೂಲೆಮನೆಯ ಸೊಸೆ ಹೊಲಿಗೆ ಮಿಷನ್ನನ್ನು ತಳ್ಳುಗಾಡಿಯಲ್ಲಿ ತಳ್ಳಿಕೊಂಡು ಬಂದಳು. ನನ್ನನ್ನು ಕಂಡು ನಿಂತಳು, ಸಂಕೋಚದಿಂದ. ತೊಗೊಂಡು ಹೋಗಬಹುದಲ್ವಾ ಅಕ್ಕ, ಮಗಳು ಕೊಟ್ಟಳು ಎಂದಳು. ಆ ಮಿಷನ್ನಿನ ಮುಂದೆ ಒಂಬತ್ತು ವರ್ಷ ಕೂತಿದ್ದೇನೆ. ಈ ಮನೆಯ ಅಷ್ಟೂ ಬೆಡ್‌ಶೀಟುಗಳ ಅಂಚು ಹೊಲಿದಿದ್ದೇನೆ. ಅಡ್ಡ ನಿಂತು, ಅದು ನನ್ನದು ಎನ್ನಬೇಕಿತ್ತು. ಯಾರದೆಂದು ಹೇಳಲಿ?

"ಬಟ್ಟೆ ಎಡಕ್ಕೆ ಎಳೆಯುತ್ತೆ," ಎಂದೆ. "ಹಿಡ್ಕೊಂಡು ಹೊಲಿ."

ಗೇಟಿಗೆ ರಟ್ಟು ಕಟ್ಟಿತ್ತು. ಅವಳ ಅಕ್ಷರ. 'ಟೀಚರ್ ಮನೆ ಸಾಮಾನು. ಬೇಕಾದವರು ಒಯ್ಯಬಹುದು.' ಒಳಗೆ, ಖಾಲಿ ಹಾಲಿನ ನಡುವೆ, ಮುರುಕಲು ಕುರ್ಚಿಯ ಮೇಲೆ ಅವಳು. ಕಟ್ಟಿದ ಕಾಲನ್ನು ಅದೇ ಟ್ರಂಕಿನ ಮೇಲೆ ಚಾಚಿ, ಬಂದವರಿಗೆ ಕೈಯಿಂದ ದಾರಿ ತೋರಿಸುತ್ತಿದ್ದಳು. ರಿವರ್ಸ್, ಲೆಫ್ಟ್, ನಿಧಾನ, ಗೋಡೆ ನೋಡ್ಕೊಂಡು. ಮಂಚ ಆಗಲೇ ಹೋಗಿತ್ತು.

ನನಗೆ ಬೇಕಾದದ್ದೇ ಆಗಿತ್ತು. ಒಂದೂ ಬಿಡದೆ. ಹಾಗಿದ್ದೂ ಮೈಯೆಲ್ಲ ಉರಿದುಹೋಯಿತು. ಮಿಷನ್ ಕೊಡುವ ಮುಂಚೆ ನನ್ನನ್ನು ಒಂದು ಮಾತು ಕೇಳಬೇಕಿತ್ತು ಎಂದೆ. ದನಿ ಏರಿತು. ಬಾಗಿಲಲ್ಲಿದ್ದವರು ಬೀರುವನ್ನು ಹಾಗೇ ಹಿಡಿದು ನಿಂತರು.

"ಅದು ನಿಮಗೆ ಬೇಕಿತ್ತಾ?" ಎಂದಳು. ಅಣಕವಲ್ಲ. ನಿಜವಾಗಿಯೂ ಗೊತ್ತಿರಲಿಲ್ಲ ಅವಳಿಗೆ. "ನಿಮಗೆ ಎಲ್ಲಾ ಕಂಡ್ರೂ ಆಗಲ್ಲ ಅಂದ್ಕೊಂಡಿದ್ದೆ."

ನಾನೂ ಹಾಗೇ ಅಂದುಕೊಂಡಿದ್ದೆ.

ಆಮೇಲೆ, ಬೀರು ಹೊರಗೆ ಹೋದಮೇಲೆ, ಇನ್ನೊಂದು ಮಾತು ಹೇಳಿದಳು. ಹೊಸ ಮನೆಗೆ ತಾನು ಬರುವುದಿಲ್ಲ. ಡ್ರೈವಿಂಗ್ ಸ್ಕೂಲಿನ ಹತ್ತಿರ ಗೆಳತಿಯ ಜೊತೆ ಒಂದು ರೂಮು ನೋಡಿದ್ದಾಳೆ. ಮುಂಗಡವೂ ಆಗಿದೆ. ಸಿಟ್ಟೇ ಎಂದು ಕೇಳಿದೆ. "ಸಿಟ್ಟು ಇದ್ದಿದ್ರೆ ಇಲ್ಲೇ ಇರ್ತಿದ್ದೆ," ಎಂದಳು.

ಇವರು ಬಂದರು. ಬಾಗಿಲಲ್ಲೇ ನಿಂತರು. ಚಪ್ಪಲಿ ಬಿಡಲು ಮರೆತರು. ಒಂದೊಂದು ಕೋಣೆಗೂ ಹೋಗಿ ಬಂದರು. ಅವರ ಹೆಜ್ಜೆ ಸದ್ದು ಮಾಡುತ್ತಿತ್ತು — ಈ ಮನೆಯಲ್ಲಿ ಎಂದೂ ಕೇಳದ ಸದ್ದು. ಮಂಚವಿದ್ದ ಜಾಗದಲ್ಲಿ ನೆಲದ ಬಣ್ಣ ಬೇರೆಯಾಗಿ ಉಳಿದಿತ್ತು. ಅದರ ಅಂಚಿನಲ್ಲಿ ಕೂತರು. ಭುಜ ಕುಲುಕಿತು. ಹನ್ನೆರಡು ವರ್ಷ ತಡವಾಗಿ ಅತ್ತರು ಎಂದು ಕಾಣುತ್ತದೆ.

ಹೋಗಿ ಮುಟ್ಟಬಹುದಿತ್ತು. ಮಗಳೂ ನೋಡುತ್ತಿದ್ದಳು. ಅವಳೂ ಏಳಲಿಲ್ಲ. ನಾನು ಅಡುಗೆಗಿಟ್ಟೆ.

ಮಾರ್ಚ್ 26, ಬುಧವಾರ

ಅತ್ತಿಗೆ ಫೋನ್. ಸುದ್ದಿ ಮುಟ್ಟಿದೆ. ನಾನು ಎತ್ತಿ ಹಲೋ ಅನ್ನುವ ಮುಂಚೆಯೇ ಶುರು. ಸತ್ತವಳ ಸಾಮಾನನ್ನು ಬೀದಿಪಾಲು ಮಾಡಿದವಳು, ಮನೆಹಾಳಿ, ಆ ತಾಯಿಯಿಲ್ಲದ ಮಗುವಿನ ಶಾಪ ತಟ್ಟುತ್ತದೆ… ನನ್ನ ತಲೆಯ ಮೇಲೆ ಗೂಬೆ ಕೂರಿಸುವುದು ಅವರಿಗೆ ಅಭ್ಯಾಸ. ಫೋನನ್ನು ಕಿವಿಯಿಂದ ದೂರ ಹಿಡಿದೆ. ಮನೆಯಿಡೀ ಕೇಳಿಸುತ್ತಿತ್ತು, ಖಾಲಿ ಮನೆಯಲ್ಲವೇ.

ಮಗಳು ಕುಂಟಿಕೊಂಡು ಬಂದು ಕೈಯಿಂದ ಫೋನ್ ತೆಗೆದುಕೊಂಡಳು.

"ನಾನೇ ಕೊಟ್ಟಿದ್ದು, ಅತ್ತೆ. ಮೇಜು ಮೂಲೆಮನೇಲಿದೆ. ಬೇಕಿದ್ರೆ ಅಲ್ಲಿ ಹೋಗಿ ಅಳೀರಿ."

ಕಟ್ ಮಾಡಿ ಫೋನ್ ನನ್ನ ಕೈಗಿಟ್ಟಳು. ಥ್ಯಾಂಕ್ಸ್ ಎನ್ನುವುದು ಬಾಯಿಯವರೆಗೆ ಬಂತು. ನನಗಾಗಿ ಅಲ್ಲ, ಅತ್ತೆಯ ದನಿ ತಡೆಯಲಾಗಲಿಲ್ಲ ಎಂದು ಅವಳೇ ಮೊದಲು ಹೇಳಿಬಿಟ್ಟಳು.

ಮಾರ್ಚ್ 30, ಭಾನುವಾರ

ಸಾಗಿಸುವವರು ದೊಡ್ಡ ವ್ಯಾನ್ ತಂದಿದ್ದರು. ಹಾಸಿಗೆ, ಪಾತ್ರೆಯ ಎರಡು ಡಬ್ಬ, ಇವರ ಟೂಲ್ಸು, ನನ್ನ ಸೂಟ್‌ಕೇಸು. ಡ್ರೈವರ್ ಎರಡು ಸಲ ಕೇಳಿದ, ಇಷ್ಟೇನಾ ಎಂದು. ಒಳಗೆ ಎಲ್ಲ ಅತ್ತಿಂದಿತ್ತ ಉರುಳಾಡುವ ಸದ್ದು ದಾರಿಯುದ್ದಕ್ಕೂ.

ಮಗಳ ಟ್ಯಾಕ್ಸಿ ಬೇರೆ ಕಡೆಗೆ. ಅಪ್ಪನ ಕೈಯನ್ನು ಒಮ್ಮೆ ಹಿಡಿದು ಬಿಟ್ಟಳು. ನನಗೆ, ಬ್ಯಾಂಡೇಜ್ ಇನ್ನೆಷ್ಟು ದಿನ ಎಂದಳು. ಹತ್ತು ದಿನ, ಎಂದೆ.

ಏಪ್ರಿಲ್ 13, ಭಾನುವಾರ

ಎರಡು ವಾರ ಬರೆದಿಲ್ಲ. ಬರೆಯಲು ಏನಿದೆ? ಗೆದ್ದೆ. ಮನೆ ನನ್ನದು. ಸೊಂಟಕ್ಕೆ ಯಾವ ಮೂಲೆಯೂ ತಗುಲುವುದಿಲ್ಲ. ಗೆದ್ದೆ ಎಂದು ಯಾರಿಗೆ ಹೇಳಲಿ.

ಇವರೊಂದಿಗೆ ಬೇಕಾದಷ್ಟೇ ಮಾತು. ಹಾಲು ಬಂತೇ. ಬಂತು. ನಿನ್ನೆ ಇವರು ಹತ್ತಿರ ಬಂದು ಕೂತು, ತಪ್ಪಾಯ್ತು ಎಂದರು. ಯಾವುದು ಎಂದೆ. ಎಲ್ಲ, ಎಂದರು. ಎಲ್ಲ ಎಂಬುದು ಕ್ಷಮೆಯಲ್ಲ, ಗುಡಿಸಿ ಮೂಲೆಗೆ ತಳ್ಳುವುದು. ಬಿಡಿಸಿ ಹೇಳಿ ಎಂದೆ. ಟೀಚರ್ ಬಗ್ಗೆ ಹೇಳಿ. ನಾನು ಇಷ್ಟು ವರ್ಷದಲ್ಲಿ ಕೇಳಲೇ ಇಲ್ಲ, ನೀವು ಹೇಳಲೇ ಇಲ್ಲ.

ಶುರು ಮಾಡಿದರು. ಅವಳು ಬಸ್ಸಿನಲ್ಲಿ ಯಾವಾಗಲೂ ನಿದ್ದೆ ಮಾಡುತ್ತಿದ್ದಳಂತೆ, ತಮ್ಮ ಸ್ಟಾಪ್ ದಾಟಿ ಹೋಗುತ್ತಿತ್ತಂತೆ. ಹೇಳುತ್ತ ನಕ್ಕರು. ಆ ನಗು ನಾನು ನೋಡಿರಲಿಲ್ಲ. ಕೇಳಿದ್ದು ನಾನೇ, ಆದರೂ ಎದ್ದು ಹೋಗಿ ನಲ್ಲಿ ತಿರುಗಿಸಿ ಪಾತ್ರೆ ತೊಳೆದೆ. ಎಲ್ಲ ತೊಳೆದಿದ್ದ ಪಾತ್ರೆಗಳೇ.

ಏಪ್ರಿಲ್ 19, ಶನಿವಾರ

ಕಿಟಕಿಗೆ ಪರದೆ ಬೇಕೇಬೇಕು. ಎದುರಿನ ಫ್ಲ್ಯಾಟಿನ ಮುದುಕ ಬೆಳಗ್ಗೆ ಹಲ್ಲುಜ್ಜುತ್ತ ನಮ್ಮ ಊಟದ ಪಾತ್ರೆ ಎಣಿಸುತ್ತಾನೆ. ಇವರೊಂದಿಗೆ ಅಂಗಡಿಗೆ ಹೋದೆ. 

ಅಂಗಡಿಯವನು ಥಾನಿನ ಮೇಲೆ ಥಾನು ಬಿಚ್ಚಿದ. ಯಾವ ಬಣ್ಣ ಇಷ್ಟ ಮೇಡಂ, ಎಂದ. ತಿಳಿಹಸಿರು? ಇಟ್ಟಿಗೆ ಬಣ್ಣ? ಹೂವಿರುವುದೇ, ಗೆರೆಯೇ?

ಗೊತ್ತಿಲ್ಲ.

ನಲವತ್ತೆಂಟು ವರ್ಷ. ಯಾವ ಬಣ್ಣ ಇಷ್ಟ ಎಂದು ಗೊತ್ತಿಲ್ಲ. ಹಾಸ್ಟೆಲಿನಲ್ಲಿ ಹಾಸ್ಟೆಲಿನ ಬಣ್ಣ, ಆಸ್ಪತ್ರೆಯಲ್ಲಿ ಆಸ್ಪತ್ರೆಯ ಬಣ್ಣ, ಆಮೇಲೆ ಟೀಚರ್ ಬಣ್ಣ. ಇವರನ್ನು ನೋಡಿದೆ. ನಿಂಗೆ ಯಾವುದು ಬೇಕೋ ಅದು, ಎಂದರು, ಉದಾರವಾಗಿ. ಅಂಗಡಿಯವನು ಒಳ್ಳೆ ಯಜಮಾನರು ಎಂದು ತಲೆದೂಗಿದ. ಇಬ್ಬರನ್ನೂ ಅದೇ ಥಾನಿನಲ್ಲಿ ಸುತ್ತಿಡುವಷ್ಟು ಸಿಟ್ಟು ಬಂತು.

ಎದ್ದು ಹೊರಗೆ ಬಂದೆ. ಮುದುಕ ಎಣಿಸಿಕೊಳ್ಳಲಿ.

ಏಪ್ರಿಲ್ 24, ಗುರುವಾರ

ಮಧ್ಯಾಹ್ನ ಮಗಳ ಫೋನ್. ನನ್ನ ನಂಬರಿಗೆ. ಕಾಲು ಸರಿಹೋಯಿತಂತೆ, ಸೋಮವಾರದಿಂದ ಗಾಡಿ ಓಡಿಸುತ್ತಿದ್ದಾಳಂತೆ. ಸರಿ ಎಂದೆ. ಆಮೇಲೂ ಅವಳು ಫೋನ್ ಇಡಲಿಲ್ಲ.

ಅವಳ ರೂಮು ರಸ್ತೆಯ ಮಟ್ಟದಲ್ಲಿದೆಯಂತೆ. ಹೋಗಿ ಬರುವವರೆಲ್ಲ ಇಣುಕುತ್ತಾರೆ. ಪರದೆ ಹಾಕಬೇಕು. ಗೆಳತಿ ಏನಾದರೂ ತಾ ಎಂದಿದ್ದಾಳೆ. ಅಂಗಡಿಗೆ ಹೋಗಿ ಬರಿಗೈಯಲ್ಲಿ ವಾಪಸ್ಸು ಬಂದಳಂತೆ.

"ನಂಗೆ ಏನಿಷ್ಟ ಅಂತ್ಲೇ ಗೊತ್ತಾಗ್ಲಿಲ್ಲ," ಎಂದಳು. "ಎಲ್ಲಾ ನೋಡಿದ್ರೂ, ಅಮ್ಮ ಇದ್ದಿದ್ರೆ ಯಾವುದು ತರ್ತಿದ್ಲು ಅಂತ್ಲೇ ಯೋಚನೆ ಬರುತ್ತೆ. ಸಾಕಾಗಿಹೋಯ್ತು."

ನನ್ನ ಅಂಗಡಿಯ ಕಥೆ ಹೇಳಲಿಲ್ಲ. ಯಾಕೆ ಹೇಳಬೇಕು.

"ಶನಿವಾರ ಅಂಗಡಿಗೆ ಬರ್ತೀರಾ?" ಎಂದಳು. ಬೇಡಿಕೆಯ ಧಾಟಿಯಲ್ಲ, ಎಂದಿನ ಗೇರ್ ಬದಲಾಯಿಸುವ ಧಾಟಿ. "ಅಪ್ಪನ್ನ ಕರ್ಕೊಂಡು ಬರ್ಬೇಡಿ."

ನೋಡೋಣ, ಎಂದೆ.

ಏಪ್ರಿಲ್ 26, ಶನಿವಾರ, ಬೆಳಗ್ಗೆ

ಮಗಳು ಗಾಡಿ ತರುತ್ತಾಳಂತೆ. ಹೋಗುತ್ತಿದ್ದೇನೆ. ಅವಳ ಮೇಲಿನ ಪ್ರೀತಿಯಿಂದಲ್ಲ. ಬಟ್ಟೆಯ ಗಂಧಗಾಳಿ ಅವಳಿಗಿಲ್ಲ, ಆ ಅಂಗಡಿಯವನು ಟೋಪಿ ಹಾಕಿ ಕಳಿಸುತ್ತಾನೆ. ಇವರು ಎಲ್ಲಿಗೆ ಎಂದು ಕೇಳಿದರು. ಹೊರಗೆ, ಎಂದೆ. ನಾನೂ ಬರಲೇ ಎಂದರು. ಬೇಡ. ಹಾಗಾದರೆ ಬೇಗ ಬಾ ಎಂದರು.

ನಮ್ಮ ಎರಡು ಕಿಟಕಿಯ ಅಳತೆ ಬರೆದುಕೊಂಡಿದ್ದೇನೆ. ಅವಳು ಖಂಡಿತ ಅಳತೆ ತಂದಿರುವುದಿಲ್ಲ. ತಂದಿಲ್ಲದಿದ್ದರೆ ಅಂಗಡಿಯ ಮುಂದೆಯೇ ನಾಲ್ಕು ಮಾತು ಹೇಳುವವಳೇ. ಅವಳೂ ಬಿಡುವುದಿಲ್ಲ, ಗೊತ್ತು. ಬಿಡದಿರಲಿ. ಅಂಗಡಿಯವನು ನೋಡಿಕೊಳ್ಳಲಿ. ಬಣ್ಣದ ವಿಷಯದಲ್ಲಿ ಮಾತ್ರ ನಾನು…

ಕೆಳಗೆ ಹಾರ್ನ್. ಡ್ರೈವಿಂಗ್ ಸ್ಕೂಲಿನ ಗಾಡಿ. ಒಂದು ಹೊಡೆದರೆ ಸಾಲದೇ ಇವಳಿಗೆ, ಇಡೀ ಕಟ್ಟಡ ಎದ್ದು ಕೂತಿತು. ಎದುರಿನ ಮುದುಕ ಕಿಟಕಿಗೆ ಬಂದ. ಬರ್ತಾ ಇದೀನಿ, ಎಷ್ಟು ಸಲ—